ಒಂಬತ್ತನೇ ಇನಿಂಗ್ಸಿನ ಕಾಲ್ಗುಣ

ಗೆದ್ದರೆ ‘ನಾವು’, ಸೋತರೆ ‘ಆ ದರಿದ್ರದೋರು’. ನಾನು ಮನೆಯಲ್ಲಿ ಕಲಿತ ಮೊದಲ ಕನ್ನಡ ವ್ಯಾಕರಣ ಇದು. ಜೀವಮಾನದಲ್ಲಿ ಬೇಸ್‌ಬಾಲ್ ಬ್ಯಾಟನ್ನು ಕೈಯಲ್ಲಿ ಹಿಡಿಯದ, ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಬಂದರೆ ಐದು ನಿಮಿಷ ಏದುಸಿರು ಬಿಡುವ ಮೂವರು ಗಂಡಸರು ಸೋಫಾದ ಮೇಲೆ ಕಾಲು ಮಡಚಿ ಕೂತು, ‘ನಿನ್ನೆ ನಾವು ಇನ್ನೂ ಸ್ವಲ್ಪ ತಾಳ್ಮೆಯಿಂದ ಆಡಬೇಕಿತ್ತು’ ಎಂದು ನಿಜವಾಗಿಯೂ ದುಃಖಪಡುತ್ತಿದ್ದರು. ಅವರಲ್ಲಿ ಒಬ್ಬ ನನ್ನ ಅಪ್ಪ. ಈಗ ನನಗೂ ತಲೆ ನರೆತಿದೆ. ಅಂದಿನ ಅವರ ವಯಸ್ಸನ್ನು ನಾನು ಎಂದೋ ದಾಟಿದ್ದೇನೆ. ಆದರೂ ಟೋಪಿ ಹಾಕಿಕೊಂಡು ಟೀವಿಯ ಮುಂದೆ ಕೂತ ಗಂಡಸನ್ನು ಕಂಡರೆ ಇವತ್ತಿಗೂ ಮೂಗು ಮುರಿಯುತ್ತೇನೆ. ಅದನ್ನು ಯಾರಾದರೂ ಅಹಂಕಾರ ಅಂದರೆ ಅನ್ನಲಿ.

ಪ್ಲೇನ್ಸ್‌ಬರೋದ ಆ ಮನೆಯಲ್ಲಿ ಇದ್ದದ್ದು ಎರಡು ಮಲಗುವ ಕೋಣೆ, ಒಂದು ಹಾಲ್, ಹಾಲ್‌ಗೆ ಅಂಟಿಕೊಂಡ ಬಾಗಿಲಿಲ್ಲದ ಅಡುಗೆಮನೆ. ಹಾಲ್‌ನ ಕಾರ್ಪೆಟ್ಟು ಮುಗಿದು ಅಡುಗೆಮನೆಯ ನೆಲ ಶುರುವಾಗುವಲ್ಲಿ ಒಂದು ಹಿತ್ತಾಳೆ ಬಣ್ಣದ ಪಟ್ಟಿ ಇತ್ತು. ಅಮ್ಮ ಅದನ್ನು ಹೊಸ್ತಿಲು ಅನ್ನುತ್ತಿದ್ದಳು, ಶುಕ್ರವಾರ ಅದಕ್ಕೆ ಅರಿಸಿನ ಕುಂಕುಮವನ್ನೂ ಇಡುತ್ತಿದ್ದಳು. ಒಗ್ಗರಣೆ ಹಾಕಿದಾಗಲೆಲ್ಲ ಹೊಗೆಯ ಅಲಾರಂ ಕಿರುಚುತ್ತದೆ ಎಂದು ಅದಕ್ಕೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ್ದರು. ನಾನು, ಅಪ್ಪ, ಅಮ್ಮ ಮೂವರೇ ಇದ್ದ ಮನೆ ಅದು, ಸಾಕಾಗುವಷ್ಟು ದೊಡ್ಡದಾಗಿತ್ತು. ಆದರೆ ಏಪ್ರಿಲ್‌ನಿಂದ ಸೆಪ್ಟೆಂಬರಿನ ತನಕ ಶನಿವಾರ, ಭಾನುವಾರದ ಮಧ್ಯಾಹ್ನಗಳಲ್ಲಿ ಆ ಹಾಲ್ ನಮ್ಮದಾಗಿರುತ್ತಿರಲಿಲ್ಲ.

ಅಪ್ಪನ ಭಕ್ತಿ ಹುಟ್ಟಿದ್ದು ಒಂದು ಪುಕ್ಕಟೆ ಟೋಪಿಯಿಂದ. ಮೈಸೂರಿನಿಂದ ಈ ದೇಶಕ್ಕೆ ಬಂದ ಹೊಸತರಲ್ಲಿ ವುಡ್‌ಬ್ರಿಡ್ಜಿನ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವನು ತನ್ನ ಹಳೆಯ ಟೋಪಿಯನ್ನು ಕೊಟ್ಟನಂತೆ. ಅದರ ಮೇಲೆ ಇದ್ದದ್ದು ಹತ್ತಿರದ ಮಹಾನಗರದ ಎರಡು ತಂಡಗಳಲ್ಲಿ ಯಾವಾಗಲೂ ಸೋಲುವ ತಂಡದ ಗುರುತು. ಅದೇ ಕ್ಷಣದಿಂದ ಅಪ್ಪನಿಗೆ ಅವರು ‘ನಮ್ಮೋರು’ ಆದರು. ಇನ್ನೊಂದು ಟೋಪಿ ಸಿಕ್ಕಿದ್ದರೆ ಇನ್ನೊಬ್ಬರು ನಮ್ಮೋರಾಗುತ್ತಿದ್ದರು. ಇದನ್ನು ಹೇಳಿದರೆ ಅಪ್ಪ ಕೋಪಿಸಿಕೊಳ್ಳುತ್ತಿದ್ದ. ಅಪ್ಪನ ಜೊತೆ ನಮ್ಮೋರಿಗೆ ಜೈಕಾರ ಹಾಕುತ್ತಿದ್ದವರು ವೆಂಕಿ ಅಂಕಲ್. ಅವರು ಔಷಧದ ಕಂಪನಿಯೊಂದರಲ್ಲಿ ಅಂಕಿಸಂಖ್ಯೆ ತಜ್ಞರು. ಮೂರನೆಯವರು ಮೋಹನ್ ಅಂಕಲ್. ಅವರದು ಅದೇ ನಗರದ ಇನ್ನೊಂದು ತಂಡ, ಹಣ ಚೆಲ್ಲಿ ದೇಶದ ಒಳ್ಳೊಳ್ಳೆಯ ಆಟಗಾರರನ್ನೆಲ್ಲ ಕೊಳ್ಳುವ ತಂಡ. ನಮ್ಮ ಮನೆಯಲ್ಲಿ ಆ ತಂಡಕ್ಕೆ ‘ಸಾವ್ಕಾರ್ರು’ ಎಂದು ಹೆಸರು. ಮೋಹನ್ ಅಂಕಲ್ ಗೆದ್ದೆತ್ತಿನ ಬಾಲ ಹಿಡಿದವರು ಎಂದು ಅವರ ಬೆನ್ನ ಹಿಂದೆಯೂ ಮುಖದ ಮುಂದೆಯೂ ಅಪ್ಪ ಹೇಳುತ್ತಿದ್ದ. ಮೂವರೂ ಕ್ರಿಕೆಟ್ಟಿನ ಕನ್ನಡಕದಲ್ಲೇ ಬೇಸ್‌ಬಾಲ್ ನೋಡಿದವರು. ಚೆಂಡೆಸೆಯುವವನು ಅವರಿಗೆ ಬೌಲರ್, ಆಚೆ ಹೋದ ಚೆಂಡು ಸಿಕ್ಸರ್, ಔಟಾದರೆ ವಿಕೆಟ್ಟು. ಇಷ್ಟು ತಿಳಿದುಕೊಂಡು ತಂಡದ ಮ್ಯಾನೇಜರನಿಗೆ ಬುದ್ಧಿ ಹೇಳುತ್ತಿದ್ದರು.

‘ಈ ಸಲ ನಮ್ಮ ಬೌಲಿಂಗ್ ನೋಡೋ ವೆಂಕಿ. ಯಾರೂ ಮುಟ್ಟೋಕಾಗಲ್ಲ.’

‘ಬೌಲಿಂಗ್ ಇದೆ, ಬ್ಯಾಟಿಂಗ್ ಎಲ್ಲಿದೆ? ಆ ನಾಲ್ಕನೇ ನಂಬರಿನೋನು ಬೀಸಿದ್ರೆ ಗಾಳಿ ಬರುತ್ತೆ ಅಷ್ಟೆ.’

‘ನಿಮ್ಮೋರ ಕಥೆ ಬಿಡ್ರಯ್ಯ,’ ಎನ್ನುತ್ತಿದ್ದರು ಮೋಹನ್ ಅಂಕಲ್, ‘ಏಪ್ರಿಲ್‌ನಲ್ಲಿ ಹುಲಿ, ಆಗಸ್ಟ್‌ನಲ್ಲಿ ಇಲಿ.’

‘ದುಡ್ಡು ಚೆಲ್ಲಿ ಗೆಲ್ಲೋದೂ ಒಂದು ಗೆಲುವೇನಯ್ಯಾ?’

‘ಗೆಲುವೇ. ಒಂದ್ಸಲ ಗೆದ್ದು ನೋಡು, ಗೊತ್ತಾಗುತ್ತೆ.’

ಇದೇ ಮಾತು ಪ್ರತಿ ವಾರ, ಪ್ರತಿ ವರ್ಷ. ಇದರ ನಡುವೆ ಅಮ್ಮನ ಗಿರ್ಮಿಟ್ಟು, ಮಿರ್ಚಿ ಭಜಿ, ಎರಡು ಸಲ ಕಾಫಿ. ಅಮ್ಮ ಧಾರವಾಡದವಳು. ಅವಳಿಗೆ ಈ ಆಟದ ತಲೆಬುಡ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಆದರೆ ಒಂದು ಸಲ ಅವಳು ಸೌಟು ಹಿಡಿದು ಹಿತ್ತಾಳೆ ಪಟ್ಟಿಯ ಮೇಲೆ ನಿಂತು ‘ಕಾಫಿಗೆ ಸಕ್ರಿ ಎಷ್ಟ್ರೀ?’ ಎಂದು ಕೇಳಿದ ಗಳಿಗೆಯಲ್ಲಿ ನಮ್ಮೋರ ಪೈಕಿ ಯಾವನೋ ಸಿಕ್ಸರ್ ಹೊಡೆದ. ಅಲ್ಲಿಗೆ ಅವಳ ಕಥೆ ಮುಗಿಯಿತು. ಅಂದಿನಿಂದ ಒಂಬತ್ತನೇ ಇನಿಂಗ್ಸ್, ಅಂದರೆ ಕೊನೆಯ ಸುತ್ತು, ಬಂತೆಂದರೆ ಅವಳನ್ನು ಕರೆದು ಪಟ್ಟಿಯ ಮೇಲೆ ನಿಲ್ಲಿಸುತ್ತಿದ್ದರು.

‘ಅಲ್ಲೇ ನಿಂತ್ಕೋ ಕಣೇ. ಅಲ್ಲಾಡ್ಬೇಡ.’

‘ಭಜಿ ಹೊತ್ತಿದ್ರ ಯಾರು ನೋಡ್ತಾರ್ರೀ?’

‘ಹೊತ್ತಲಿ ಬಿಡು. ಒಂದು ವಿಕೆಟ್ ಬಿದ್ದರೆ ಸಾಕು.’

‘ಇಷ್ಟು ಹೊತ್ತು ದೇವರ ಮುಂದ ನಿಂತಿದ್ರ ನನಗ ಮೋಕ್ಷನಾದ್ರೂ ಸಿಗ್ತಿತ್ತು,’ ಎಂದು ಗೊಣಗುತ್ತ ಅವಳು ನಿಲ್ಲುತ್ತಿದ್ದಳು. ಎಂ.ಎಸ್‌ಸಿ. ಓದಿದವಳು. ಅವಳು ಯಾಕೆ ನಿಂತಳು ಎನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನನ್ನ ಸರದಿ ಬಂದದ್ದು ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ಜೂನಿನಲ್ಲಿ. ಆ ವರ್ಷ ಅಪರೂಪಕ್ಕೆ ನಮ್ಮೋರು ಗೆಲ್ಲುತ್ತಿದ್ದರು. ಶಾಲೆಯ ಒಂದು ಫಾರ್ಮಿಗೆ ಸಹಿ ಬೇಕಿತ್ತು. ಮಲಗುವ ಕೋಣೆಯಿಂದ ಓಡಿಬಂದು ಅಪ್ಪನ ಮುಂದೆ ಫಾರ್ಮು ಹಿಡಿದೆ. ಅದೇ ಕ್ಷಣ ಟೀವಿಯೊಳಗೆ ಎದುರು ತಂಡದವನು ಚೆಂಡನ್ನು ಬೇಲಿಯಾಚೆ ಹೊಡೆದ, ಕೈಗೆ ಬಂದಿದ್ದ ಆಟ ಹೋಯಿತು. ಅಪ್ಪ ಹಣೆ ಹಣೆ ಬಡಿದುಕೊಂಡ.

‘ಇವಳು ಬಂದ್ಲು ನೋಡು, ಹೋಯ್ತು!’

‘ಕಾಲ್ಗುಣ ಕಣೋ,’ ಅಂದರು ವೆಂಕಿ ಅಂಕಲ್.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುವಾರ ನೀರು ಕುಡಿಯಲು ಹಾಲ್ ದಾಟಿದೆ, ಮತ್ತೆ ಸೋತರು. ಈ ಸಲ ಯಾರೂ ನಗಲಿಲ್ಲ. ಮೂರನೆಯ ವಾರ ವೆಂಕಿ ಅಂಕಲ್ ಒಂದು ರೂಲ್ ಹಾಕಿದ ಹಾಳೆ ತಂದರು. ಎಡಗಡೆ ‘ಪುಟ್ಟಿ ಹಾಲ್‌ನಲ್ಲಿ’, ಬಲಗಡೆ ‘ಪುಟ್ಟಿ ಕೋಣೆಯಲ್ಲಿ’ ಎಂದು ಬರೆದು, ಯಾವ ಆಟದಲ್ಲಿ ನಾನು ಎಲ್ಲಿದ್ದೆ, ನಮ್ಮೋರು ಏನಾದರು ಎಂದು ಗೀಟು ಹಾಕತೊಡಗಿದರು. ಹಗಲೆಲ್ಲ ಆಫೀಸಿನಲ್ಲಿ ಯಾವ ಮಾತ್ರೆ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ತೂಗಿ ನೋಡುವ ಮನುಷ್ಯ! ‘ಸ್ಯಾಂಪಲ್ ಇನ್ನೂ ಚಿಕ್ಕದು, ಆದರೆ ಟ್ರೆಂಡ್ ಕ್ಲಿಯರ್ ಆಗಿದೆ,’ ಎಂದು ಕನ್ನಡಕ ಸರಿಮಾಡಿಕೊಂಡು ಹೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಅಪ್ಪ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಮೈದಾನದಲ್ಲಿ ಕೋಟಿಗಟ್ಟಲೆ ಸಂಬಳದವನು ಕೈಗೆ ಬಂದ ಚೆಂಡು ಬಿಡುತ್ತಿದ್ದ, ಆಪಾದನೆ ಒಂಬತ್ತು ವರ್ಷದ ನನ್ನ ಮೇಲೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ. ಜುಲೈ ಬರುವ ಹೊತ್ತಿಗೆ ನಿಯಮ ಖಾಯಂ ಆಗಿತ್ತು. ಟೀವಿಯಲ್ಲಿ ಆಟ ಶುರುವಾದರೆ ನಾನು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು.

ಕಾಲ್ಗುಣ ಎನ್ನುವ ಮಾತು ನನಗೆ ಗೊತ್ತಿರಲಿಲ್ಲ. ನನ್ನ ಕನ್ನಡ ಅಡುಗೆಮನೆಯ ಕನ್ನಡ, ಉತ್ತರ ಕೊಡುವುದೆಲ್ಲ ಇಂಗ್ಲಿಷಿನಲ್ಲಿ. ಹೊಸ ಸೊಸೆ ಮನೆಗೆ ಕಾಲಿಟ್ಟ ಮೇಲೆ ಎಮ್ಮೆ ಸತ್ತರೂ, ಮಾವನಿಗೆ ಕೆಲಸ ಸಿಕ್ಕಿದರೂ ಅವಳ ಕಾಲಿನ ಲೆಕ್ಕಕ್ಕೆ ಬರೆಯುವ ಜನ ನಮ್ಮವರು ಎಂದು ನನಗೆ ಯಾರು ಹೇಳಬೇಕು? ‘ಕಾಲು’ ಗೊತ್ತಿತ್ತು. ಹಾಗಾಗಿ ನನ್ನ ಕಾಲಿನಲ್ಲೇ ಏನೋ ಕೆಟ್ಟಿದೆ ಎಂದು ತಿಳಿದೆ. ಬಚ್ಚಲಿನ ಟಬ್ಬಿನ ಅಂಚಿನಲ್ಲಿ ಕೂತು ಪಾದ ತಿರುಗಿಸಿ ತಿರುಗಿಸಿ ನೋಡಿದೆ. ಸೋಪು ಹಾಕಿ ತೊಳೆದೆ. ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು ಹೋಗಿ ನೋಡಿದೆ, ಆಗಲೂ ಸೋತರು. ಅಮ್ಮನನ್ನು ಕೇಳಿದೆ.

‘ಅಮ್ಮಾ, ವಾಟ್ಸ್ ರಾಂಗ್ ವಿತ್ ಮೈ ಫೀಟ್?’

‘ಏನೂ ಆಗಿಲ್ಲವ್ವಾ. ಛಂದ ಅದಾವ.’

‘ದೆನ್ ವೈ ಕಾಲ್ಗುಣ?’

‘ಕಾಲು ಛಂದ ಅದಾವ ಅಂತ ಹೇಳೂದು ಹಂಗ.’

ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಅವಳ ಮುಖದಲ್ಲೇ ಗೊತ್ತಾಯಿತು. ಆಗಸ್ಟಿನ ಒಂದು ಮಧ್ಯಾಹ್ನ ಹಾಲ್‌ನಲ್ಲಿ ಭಜಿಯ ವಾಸನೆ, ಎಲ್ಲರ ನಗು. ನನಗೆ ತಡೆಯಲಾಗಲಿಲ್ಲ. ಪಾದ ಕಾರ್ಪೆಟ್ಟಿಗೆ ತಾಗದಂತೆ ಎರಡೂ ಕಾಲನ್ನು ಹಿಂದಕ್ಕೆ ಎತ್ತಿ ಹಿಡಿದುಕೊಂಡು, ಮೊಣಕಾಲಿನ ಮೇಲೆ ತೆವಳುತ್ತ ಸೋಫಾದ ಹಿಂದಿನವರೆಗೆ ಹೋದೆ. ಅಲ್ಲೇ ಕೂತು ಅಪ್ಪನ ಬೆನ್ನನ್ನು ನೋಡುತ್ತಿದ್ದೆ. ಅಪ್ಪನ ಪಕ್ಕ ಕೂರಬೇಕು, ಅವನು ಕೈ ತಟ್ಟಿದಾಗ ನಾನೂ ಕೈ ತಟ್ಟಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಆ ಆಟದ ಮೇಲೆ ನನಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಅಮ್ಮ ಪಟ್ಟಿಯ ಮೇಲಿಂದ ನನ್ನನ್ನು ನೋಡಿದಳು. ಅವತ್ತು ಕೂಡ ಸೋತರು. ನಾನು ಬಂದದ್ದು ಬೇರೆ ಯಾರಿಗೂ ತಿಳಿಯದ ಹಾಗೆ ಮತ್ತೆ ತೆವಳಿಕೊಂಡು ಒಳಗೆ ಹೋದೆ.

ಸೀಸನ್ನಿನ ಕೊನೆಯ ಭಾನುವಾರ ಬಂತು. ಆ ಒಂದು ಆಟ ಗೆದ್ದರೆ ನಮ್ಮೋರು ಮುಂದಿನ ಸುತ್ತಿಗೆ, ಸೋತರೆ ಮನೆಗೆ. ಮೋಹನ್ ಅಂಕಲ್ ಬಾಸ್ಕಿಂಗ್ ರಿಡ್ಜ್‌ನಲ್ಲಿ ಕೊಂಡ ಹೊಸ ಮನೆಯ ಗೃಹಪ್ರವೇಶವೂ ಅದೇ ಮಧ್ಯಾಹ್ನ. ಬೇಕೆಂದೇ ಇಟ್ಟಿದ್ದಾನೆ ಎಂದು ಅಪ್ಪ ಕಾರಿನಲ್ಲಿ ಉದ್ದಕ್ಕೂ ಬೈದ. ಹೋಗದೆ ಇರುವ ಹಾಗಿರಲಿಲ್ಲ. ಆದ್ದರಿಂದ ವಿಸಿಆರ್‌ಗೆ ಕ್ಯಾಸೆಟ್ ಹಾಕಿ, ತಾನಾಗಿ ರೆಕಾರ್ಡ್ ಆಗುವಂತೆ ಮಾಡಿ ಹೊರಟರು. ಕಾರಿನಲ್ಲಿ ರೇಡಿಯೋ ಹಾಕುವಂತಿಲ್ಲ, ಪೂಜೆಯ ಮನೆಯಲ್ಲಿ ಯಾರೂ ಸ್ಕೋರು ಹೇಳುವಂತಿಲ್ಲ. ಮನೆಗೆ ಬಂದು ಹೊಸದಾಗಿ ನೋಡುವುದು. ಸತ್ಯನಾರಾಯಣ ಪೂಜೆಗೆ ಮಡಿಯಲ್ಲಿ ಇರುವುದಕ್ಕಿಂತ ಹೆಚ್ಚು ಮಡಿಯಲ್ಲಿ ಅಪ್ಪ, ವೆಂಕಿ ಅಂಕಲ್ ಇಬ್ಬರೂ ಕಿವಿ ಕಾಪಾಡಿಕೊಂಡರು.

ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಟೀವಿ ಇಲ್ಲದ ಕಾರಣ ಅಪ್ಪ ಮನುಷ್ಯನಾಗಿದ್ದ. ಹೊಸ ಮನೆಯ ಖಾಲಿ ಹಾಲ್‌ನಲ್ಲಿ ಜಮಖಾನದ ಮೇಲೆ ಕೂತಿದ್ದೆವು. ಪುರೋಹಿತರು ಐದು ಅಧ್ಯಾಯ ಕಥೆ ಓದುವಷ್ಟು ಹೊತ್ತೂ ಅಪ್ಪ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡಿದ್ದ. ಮಂಗಳಾರತಿಯ ತಟ್ಟೆ ಬಂದಾಗ ನನ್ನ ಕಣ್ಣಿಗೆ ತಾನೇ ಒತ್ತಿದ. ಪ್ರಸಾದದ ಸಪಾತವನ್ನು ತನ್ನ ದೊನ್ನೆಯಿಂದ ನನಗೆ ಹಾಕಿದ. ಆ ಬೇಸಿಗೆಯಲ್ಲಿ ಅಷ್ಟು ಹೊತ್ತು ನಾನು ಅವನ ಪಕ್ಕದಲ್ಲಿ ಕೂತದ್ದು ಅದೊಂದೇ ದಿನ. ಆಮೇಲೆ ಕೈ ತೊಳೆದುಕೊಂಡು ಮನೆಯ ಮುಂದೆ ಬಂದರೆ, ಪಕ್ಕದ ಮನೆಯ ಮುದುಕ ರೇಡಿಯೋ ಹಾಕಿಕೊಂಡು ಕಾರು ತೊಳೆಯುತ್ತಿದ್ದ. ಆಟ ಈಗತಾನೇ ಮುಗಿಯಿತು, ಅವರ ಈ ವರ್ಷದ ಕಥೆಯೂ ಮುಗಿಯಿತು ಎಂದು ರೇಡಿಯೋ ಹೇಳುತ್ತಿತ್ತು. ನಮ್ಮೋರು ಸೋತಿದ್ದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ನಾನು ಟೀವಿಯ ಹತ್ತಿರವೇ ಇರಲಿಲ್ಲ, ಹತ್ತಾರು ಮೈಲಿ ದೂರದಲ್ಲಿದ್ದೆ. ನನ್ನ ಕಾಲಿನಲ್ಲಿ ಏನೂ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಂಜೆ ಬಿಸಿಲು ಇರುವಾಗಲೇ ಮನೆಗೆ ಬಂದೆವು. ವೆಂಕಿ ಅಂಕಲ್ ನಮ್ಮ ಹಿಂದೆಯೇ ಬಂದರು. ಅಪ್ಪ ಪಂಚೆಯಲ್ಲೇ ಟೋಪಿ ಹಾಕಿಕೊಂಡು ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದ. ಅಮ್ಮನನ್ನು ರೇಷ್ಮೆ ಸೀರೆಯಲ್ಲೇ ಪಟ್ಟಿಯ ಮೇಲೆ ನಿಲ್ಲಿಸಿದ. ಮೊದಲ ಇನಿಂಗ್ಸಿನಿಂದಲೇ ನಿಲ್ಲು, ಇವತ್ತು ರಿಸ್ಕ್ ಬೇಡ ಅಂದ. ಆಮೇಲೆ ನನ್ನ ಕಡೆ ತಿರುಗಿದ.

‘ಪುಟ್ಟಿ, ಒಳಗೆ ಹೋಗು.’

‘ಹೋಗಲ್ಲ.’

ಕನ್ನಡದಲ್ಲೇ ಹೇಳಿದೆ. ಅಪ್ಪ ಅದಕ್ಕೇ ತಬ್ಬಿಬ್ಬಾದ ಅಂತ ಕಾಣುತ್ತದೆ.

‘ಮ್ಯಾಚ್ ಮುಗಿದೋಯ್ತು ಅಪ್ಪ. ಆವಾಗ್ಲೇ ಸೋತ್ರು. ನಾನು ಕೇಳಿದೆ ರೇಡಿಯೋದಲ್ಲಿ.’

ವೆಂಕಿ ಅಂಕಲ್ ‘ಅಯ್ಯೋ’ ಎಂದು ಎರಡೂ ಕಿವಿ ಮುಚ್ಚಿಕೊಂಡರು, ಕೇಳಿಸಿಕೊಂಡಾದ ಮೇಲೆ. ಅಪ್ಪನ ಮುಖ ಕೆಂಪಾಯಿತು. ಅವನು ಬಾಯಿ ತೆಗೆಯುವ ಮೊದಲೇ ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದನ್ನು ಹೇಳಿಬಿಟ್ಟೆ.

‘ನಾನು ಇಲ್ಲಿ ಇರ್ಲೇ ಇಲ್ಲ. ಟೀವಿನೇ ಇರ್ಲಿಲ್ಲ. ಸೋ, ನನ್ನಿಂದ ಅಲ್ಲ.’

ವೆಂಕಿ ಅಂಕಲ್ ಕಿವಿಯಿಂದ ಕೈ ತೆಗೆದು, ‘ಲಾಜಿಕ್ ಕರೆಕ್ಟಾಗೇ ಇದೆ ಕಣೋ,’ ಅಂದರು. ಅಪ್ಪ ನನ್ನನ್ನು ನೋಡಿದ. ಯೋಚಿಸಿದ. ನಿಜವಾಗಿಯೂ ಯೋಚಿಸಿದ.

‘ಅವರು ಸೋಲ್ತಾ ಇದ್ದಾಗ ನೀನು ಎಲ್ಲಿದ್ದೆ?’

‘ಪೂಜೆಯಲ್ಲಿ. ನಿನ್ನ ಪಕ್ಕ.’

‘ಅದಕ್ಕೇ ಮತ್ತೆ!’

ಇಬ್ಬರೂ ಸೋಫಾ ಕುಲುಕುವ ಹಾಗೆ ನಕ್ಕರು. ಸೋತ ದುಃಖವೆಲ್ಲ ಆ ಒಂದು ಜೋಕಿನಲ್ಲಿ ಹೋಯಿತು. ನಾನು ಅಳಲಿಲ್ಲ. ಅಮ್ಮ ಪಟ್ಟಿಯಿಂದ ಕೆಳಗೆ ಇಳಿದು ಬಂದಳು.

‘ಹಂಗಾರ ನನ್ನ ಕಾಲ್ಗುಣ ಎಲ್ಲಿ ಹೋಗಿತ್ರೀ? ನಿಮ್ಮ ಎಡಕ್ಕ ಆಕಿ ಕುಂತಿದ್ಲು, ಬಲಕ್ಕ ನಾನು.’

‘ತಮಾಷೆಗೆ ಅಂದೆ ಕಣೇ.’

‘ತಮಾಷಿ? ಕಾಲು ನೆಲಕ್ಕ ತಾಗಬಾರ್ದಂತ ಕೂಸು ಮೊಣಕಾಲ ಮ್ಯಾಲ ತೆವಳ್ಕೋತ ಈ ಹಾಲ್‌ಗೆ ಬಂದಿತ್ತು. ನೋಡೀರೇನು ನೀವು?’

ಅಪ್ಪ ನೋಡಿರಲಿಲ್ಲ. ಅವನು ಟೀವಿ ನೋಡುತ್ತಿದ್ದ. ಅಮ್ಮ ಫ್ರಿಜ್ಜಿನ ಮೇಲಿನ ಹಾಳೆಯನ್ನು ಕಿತ್ತು, ಎರಡು ತುಂಡು ಮಾಡಿ ಕಸಕ್ಕೆ ಹಾಕಿ, ನನ್ನನ್ನು ಕರೆದುಕೊಂಡು ಒಳಗೆ ಹೋದಳು. ಆಮೇಲೆ ಆ ಇಬ್ಬರು ಏನು ಮಾಡಿದರು ಗೊತ್ತೆ? ಸೋತದ್ದು ಗೊತ್ತಿದ್ದ ಆಟವನ್ನು ಮೊದಲಿನಿಂದ ಕೊನೆಯ ತನಕ ಕೂತು ನೋಡಿದರು. ನಡುನಡುವೆ ‘ಹೊಡಿ, ಹೊಡಿ’ ಎಂದು ಕೂಗುವುದು ಕೋಣೆಗೆ ಕೇಳಿಸುತ್ತಿತ್ತು. ಅಂಥವರ ಬಗ್ಗೆ ಬೇರೆ ಯಾವ ಅಭಿಪ್ರಾಯ ಇಟ್ಟುಕೊಳ್ಳಲು ಸಾಧ್ಯ, ನೀವೇ ಹೇಳಿ. ಅವತ್ತಿನಿಂದ ಹಾಲ್‌ಗೆ ಬರಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ನಾನೇ ಹೋಗಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಅಪ್ಪ ಕರೆದಾಗ, ‘ಇಟ್ಸ್ ಎ ಸ್ಟುಪಿಡ್ ಗೇಮ್’ ಅಂದೆ. ಆ ಮಾತು ಬಾಯಿಗೆ ಬಹಳ ರುಚಿಯಾಗಿತ್ತು, ಆಮೇಲೆ ಅದನ್ನು ಬಿಡಲಿಲ್ಲ. ಗುಂಪು ಕಟ್ಟಿಕೊಂಡು ಕೂಗುವ ಯಾರನ್ನು ಕಂಡರೂ, ಬಣ್ಣದ ಬಾವುಟ ಹಿಡಿದ ಯಾರನ್ನು ಕಂಡರೂ ದೂರ ನಿಂತು ತುಟಿ ಕೊಂಕಿಸುವ ಹೆಂಗಸಾದೆ. ಆಫೀಸಿನಲ್ಲಿ ನನಗೆ ಬುದ್ಧಿವಂತೆ ಎಂದು ಹೆಸರು ಬಂದದ್ದೂ ಹೀಗೆಯೇ.

ಈಗ ಅಪ್ಪ, ಅಮ್ಮ ನನ್ನ ಮನೆಯಲ್ಲೇ ಇದ್ದಾರೆ. ಅಪ್ಪನಿಗೆ ಮೊಣಕಾಲು ನೋವು, ಕಣ್ಣಿನ ಆಪರೇಷನ್ ಆಗಿದೆ, ಟೋಪಿ ಮಾತ್ರ ತಲೆಯ ಮೇಲೆ ಹಾಗೇ ಇದೆ. ವೆಂಕಿ ಅಂಕಲ್ ಮಗನ ಜೊತೆ ಟೆಕ್ಸಾಸಿಗೆ ಹೋದ ಮೇಲೆ ಇಬ್ಬರೂ ಫೋನಿನ ಸ್ಪೀಕರ್ ಹಾಕಿಕೊಂಡು ಒಂದೇ ಆಟವನ್ನು ಎರಡು ಊರಿನಲ್ಲಿ ನೋಡುತ್ತಾರೆ. ಮಾತು ಒಂದಿಷ್ಟೂ ಬದಲಾಗಿಲ್ಲ. ಈ ಸಲ ಬೌಲಿಂಗ್ ಇದೆ, ಬ್ಯಾಟಿಂಗ್ ಇಲ್ಲ. ನಾನು ಕಂಪ್ಯೂಟರ್ ಹಿಡಿದು ಬೇರೆ ಕೋಣೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡು ಹಲ್ಲು ಕಡಿಯುತ್ತೇನೆ. ಮೊನ್ನೆ ಸೀಸನ್ ಮುಗಿಯುವ ಭಾನುವಾರ ಮಧ್ಯಾಹ್ನ, ಕಾಫಿ ಕೊಡಲು ಹೋದವಳನ್ನು ಅಪ್ಪ ತಡೆದ. ಏಳನೇ ಇನಿಂಗ್ಸ್ ಮುಗಿದಿತ್ತು. ನಮ್ಮೋರು ಒಂದು ರನ್ ಮುಂದಿದ್ದರು.

‘ಕೂತ್ಕೋ ಬಾರೇ ಪುಟ್ಟಿ. ಎಷ್ಟು ವರ್ಷ ಆಯ್ತು, ನಿನ್ನ ಜೊತೆ ಕೂತು ಒಂದು ಮ್ಯಾಚ್ ನೋಡಿ.’

ಅವನು ನನ್ನ ಜೊತೆ ಕೂತು ಒಂದು ಆಟವನ್ನೂ ನೋಡಿರಲಿಲ್ಲ. ಅದನ್ನು ಅವನು ಮರೆತಿದ್ದ. ಹಾಳೆಯನ್ನೂ, ನಗುವನ್ನೂ ಮರೆತಿದ್ದ. ಸೋಫಾದ ಮೇಲೆ ಜಾಗ ತಟ್ಟಿ ತೋರಿಸಿದ. ಕೂತೆ. ಮೊದಲನೇ ಚೆಂಡಿಗೇ ಎದುರು ತಂಡದವನು ಬಲವಾಗಿ ಹೊಡೆದು ಓಡಿದ. ಅಪ್ಪ ‘ಛೆ’ ಅಂದ. ನನ್ನ ಕಡೆ ನೋಡಲೂ ಇಲ್ಲ. ನಾನು ಎದ್ದೆ.

‘ಎಲ್ಲಿಗೇ? ಇನ್ನೆರಡೇ ಇನಿಂಗ್ಸು.’

‘ಮೊಸರು ಮುಗಿದಿದೆ, ತಂದುಬಿಡ್ತೀನಿ. ನನಗೆ ಈ ಪೆದ್ದು ಆಟ ಎಲ್ಲ ಆಗಲ್ಲ ಅಪ್ಪ.’

ಮತ್ತೆ ಒಳಗೆ ಬಂದಾಗ ಫೋನಿನಲ್ಲಿ ವೆಂಕಿ ಅಂಕಲ್ ಕೂಗುತ್ತಿದ್ದರು. ಅಪ್ಪ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ, ಕಣ್ಣಲ್ಲಿ ನೀರಿತ್ತು.

‘ಗೆದ್ವಿ ಕಣೇ ಪುಟ್ಟಿ! ಗೆದ್ವಿ!’ ಎಂದು ಕೂಗಿ, ನನ್ನ ಬರಿಗೈ ನೋಡಿ ಕೇಳಿದ, ‘ಮೊಸರೆಲ್ಲಿ?’

ಮೊಸರು ತಂದಿರಲಿಲ್ಲ. ಅಂಗಡಿಗೆ ಹೋಗಿಯೇ ಇರಲಿಲ್ಲ. ಎರಡು ಇನಿಂಗ್ಸೂ ಗರಾಜಿನಲ್ಲಿ, ಎಂಜಿನ್ ಕೂಡ ಶುರು ಮಾಡದೆ, ಕಾರಿನೊಳಗೆ ಕೂತಿದ್ದೆ.